ತಾತಯ್ಯನನ್ನು ಕೇಳಿಕೊಂಡು ಮಗ್ಗೆಗೆ

ಹ್ಯಾಂಡ್‌ಪೋಸ್ಟ್ ದಾಟಿದ ಮೇಲೆ ಬಸ್ಸಿನ ಎರಡೂ ಬದಿಗೆ ಹತ್ತಿ ಹೊಲ. ಬಿರಿದ ಕಾಯಿಗಳ ಮೇಲೆ ಬೆಳಗಿನ ಬಿಸಿಲು ಬಿದ್ದು ಕಣ್ಣು ಕೋರೈಸುತ್ತಿತ್ತು. ಹೆಂಗಸರು ಮಡಿಲನ್ನೇ ಚೀಲ ಮಾಡಿಕೊಂಡು ಹತ್ತಿ ಬಿಡಿಸುತ್ತಿದ್ದರು. ನಾನು ಹೊರಟಿದ್ದು ಎಚ್.ಡಿ. ಕೋಟೆ ತಾಲ್ಲೂಕಿನ ಮಗ್ಗೆಗೆ. ಕಬಿನಿಯ ಆನೆ ನೋಡಲು ಬರುವವರು ಈ ಊರಿನ ಹೆಸರು ಕೇಳಿರುವುದೂ ಅನುಮಾನ. ಮೈಸೂರಿನವರು ‘ತಾತಯ್ಯ’ ಎಂದೇ ಕರೆದ ಎಂ. ವೆಂಕಟಕೃಷ್ಣಯ್ಯ 1844ರಲ್ಲಿ ಹುಟ್ಟಿದ್ದು ಇಲ್ಲಿ.

ಮಗ್ಗೆಯಲ್ಲಿ ಇಳಿದು, ಟೀ ಅಂಗಡಿಯ ಬೆಂಚಿನಲ್ಲಿದ್ದ ಹಿರಿಯರನ್ನು ತಾತಯ್ಯನ ಬಗ್ಗೆ ಕೇಳಿದೆ.

“ಯಾವ ತಾತಯ್ಯ ಸಾ? ನಮ್ಮೂರ್ ತುಂಬ ತಾತಂದ್ರೇ ಅವ್ರೆ!”

ನಾನೂ ನಕ್ಕೆ. ಬೆರಗು ಮಾತ್ರ ಬಿಡಲಿಲ್ಲ. ಮೈಸೂರಿಗೇ ರೈಲು ಬಾರದಿದ್ದ ಕಾಲದಲ್ಲಿ ಈ ಕಾಡಂಚಿನಲ್ಲಿ ಹುಟ್ಟಿದ ಹುಡುಗ ಮೈಸೂರಿನ ಮರಿಮಲ್ಲಪ್ಪ ಶಾಲೆಯ ಹೆಡ್‌ಮಾಸ್ಟರಾದ, ಅನಾಥಾಲಯ ಕಟ್ಟಿದ. ವೃತ್ತಾಂತ ಚಿಂತಾಮಣಿ, ಸಾಧ್ವಿ, ಸಂಪದಭ್ಯುದಯ, ಇಂಗ್ಲಿಷಿನಲ್ಲಿ ಮೈಸೂರು ಹೆರಾಲ್ಡ್ – ಒಬ್ಬ ಮನುಷ್ಯನಿಗೆ ಎಷ್ಟು ಪತ್ರಿಕೆ!

ಆಗ ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು 1881ರಲ್ಲಿ ಹುಟ್ಟುಹಾಕಿದ ಪ್ರಜಾಪ್ರತಿನಿಧಿ ಸಭೆ ದಸರೆಗೆ ಸೇರುತ್ತಿತ್ತು. ಕಾನೂನು ಮಾಡುವ ಅಧಿಕಾರ ಅದಕ್ಕಿರಲಿಲ್ಲ. ಪ್ರತಿನಿಧಿಗಳು ಅಹವಾಲು ಹೇಳಬಹುದು, ದಿವಾನರು ಕೇಳಿಸಿಕೊಳ್ಳಬಹುದು, ಅಷ್ಟೆ. ತಾತಯ್ಯ ಒಳಗೆ ಸದಸ್ಯರು, ಹೊರಗೆ ಸಂಪಾದಕರು. ಈಗ ಯಾರಾದರೂ ಹೀಗೆ ಎರಡು ದೋಣಿಗೆ ಕಾಲಿಟ್ಟರೆ ನಾನೇ ಅನುಮಾನಪಡುತ್ತೇನೆ. ಆದರೆ ಹಲ್ಲು ಕಿತ್ತ ಹಾವಿನಂತಿದ್ದ ಆ ಸಭೆಗೆ ಅಚ್ಚುಮೊಳೆಗಳೇ ಹಲ್ಲಾಗಿದ್ದವು.

ಸರ್ಕಾರಕ್ಕೂ ಆ ಹಲ್ಲು ನಾಟಿರಬೇಕು. 1908ರಲ್ಲಿ, ವಿ.ಪಿ. ಮಾಧವರಾಯರು ದಿವಾನರಾಗಿದ್ದಾಗ, ಅಪ್ಪಣೆಯಿಲ್ಲದೆ ಪತ್ರಿಕೆ ಹೊರಡಿಸುವಂತಿಲ್ಲ ಎಂಬ ಕಾನೂನು ಬಂತು. ತಾತಯ್ಯ ಅರ್ಜಿ ಹಿಡಿದು ನಿಲ್ಲಲಿಲ್ಲ. ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಅಷ್ಟಾದರೂ ಮುಂದೆ ಅರಮನೆಯೇ ಅವರಿಗೆ ‘ದಯಾಸಾಗರ’ ಎಂಬ ಬಿರುದು ಕೊಟ್ಟಿತು. 1933ರಲ್ಲಿ ತೀರಿಕೊಂಡರು. ಮೈಸೂರಿನ ತಾತಯ್ಯ ಪಾರ್ಕಿನ ಪಕ್ಕದಲ್ಲಿ ಎಷ್ಟು ಸಲ ಓಡಾಡಿದ್ದೇನೆ, ಯಾವ ತಾತಯ್ಯ ಎಂದು ನಾನೂ ಕೇಳಿರಲಿಲ್ಲ.

ಇದೆಲ್ಲ ನಾನು ಹೇಳುವಾಗ ಹಿರಿಯರು ಲೋಟ ಕೆಳಗಿಟ್ಟು ಕೇಳುತ್ತಿದ್ದರು. ಕಡೆಗೆ ಬೆಂಚಿನ ಮೇಲಿದ್ದ ಪೇಪರನ್ನು ನನ್ನತ್ತ ತಳ್ಳಿದರು. “ಹಂಗಾರೆ ಇವತ್ತು ಹತ್ತಿ ರೇಟ್ ಹಾಕವ್ರಾ, ವಸಿ ನೋಡಿ ಸಾ.”

ಪುಟ ತಿರುವಿದೆ. ಪೇಟೆ ಧಾರಣೆಯ ಪುಟ ಅರ್ಧ ಹರಿದಿತ್ತು. ಹರಿದುಹೋದ ಅರ್ಧ ನನ್ನ ಕೈಯಲ್ಲೇ, ನಾನು ತಿನ್ನುತ್ತಿದ್ದ ವಡೆಯ ಎಣ್ಣೆ ಹೀರಿಕೊಂಡು ಕೂತಿತ್ತು.