ಪುಟ್ಟಿಯ ವ್ಯಾಕರಣ

ನಮ್ಮ ಮನೆಯಲ್ಲಿ ಇಬ್ಬರು ವೈಯಾಕರಣರಿದ್ದೇವೆ. ಒಬ್ಬ ನಾನು, ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ಸಂಬಳ ಎಣಿಸಿಕೊಳ್ಳುವವನು. ಇನ್ನೊಬ್ಬಳು ಪುಟ್ಟಿ; ನಾಲ್ಕು ವರುಷ ತುಂಬಿ ಎರಡು ತಿಂಗಳಾಗಿದೆ, ಸಂಬಳವಿಲ್ಲ. ನನಗೆ ಕೇಶಿರಾಜನ ‘ಶಬ್ದಮಣಿದರ್ಪಣ’ದ ಆಧಾರ ಬೇಕು. ಅವಳಿಗೆ ಯಾರ ಆಧಾರವೂ ಬೇಕಿಲ್ಲ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ಹಿಂದಿನ ಕವಿಗಳ ಪ್ರಯೋಗಗಳನ್ನೆಲ್ಲ ಸೋಸಿ ನೋಡಿ ಆಮೇಲೆ ಸೂತ್ರ ಕಟ್ಟಿದ. ಪುಟ್ಟಿಯ ಕ್ರಮ ಇದಕ್ಕೆ ತಲೆಕೆಳಗು. ಅವಳು ಮೊದಲು ಸೂತ್ರ ಕಟ್ಟುತ್ತಾಳೆ; ಪ್ರಯೋಗಗಳು ಬಂದು ಅದಕ್ಕೆ ತಲೆಬಾಗಬೇಕು.

‘ಮಾಡು’ ಎಂಬುದು ‘ಮಾಡಿದೆ’ ಆಗುತ್ತದೆ, ‘ಹಾಡು’, ‘ಹಾಡಿದೆ’, ‘ಓಡು’, ‘ಓಡಿದೆ’. ಹಾಗಿದ್ದಮೇಲೆ ‘ಕೊಡು’ ಎಂಬುದು ‘ಕೊಡಿದೆ’ ಎಂದೇ ಆಗಬೇಕಷ್ಟೆ! “ಅಣ್ಣಂಗೆ ಪೆನ್ಸಿಲು ಕೊಡಿದೆ” ಎನ್ನುತ್ತಾಳೆ. ನಮ್ಮ ‘ಕೊಟ್ಟೆ’ಯಲ್ಲಿ ಆ ಎರಡು ಟಕಾರಗಳು ಎಲ್ಲಿಂದ ಬಂದು ಕುಳಿತುವೆಂದು ಅವಳು ಕೇಳಿದರೆ, ಅವಳಿಗೆ ಅರ್ಥವಾಗುವಂತೆ ಉತ್ತರ ಹೇಳುವ ಶಕ್ತಿ ನನಗಿಲ್ಲ. ಒಂದು ದಿನ ಬೀದಿಯಲ್ಲಿ ಬಿದ್ದು, ಮೊಣಕಾಲು ತರಚಿಕೊಂಡು ಬಂದು, “ಅಪ್ಪಾ, ನಾನು ಭಾಳ ಅಳಿದೆ” ಎಂದು ವರದಿ ಒಪ್ಪಿಸಿದಳು. ಹಳಗನ್ನಡ ಓದಿದವನ ಎದೆ ಝಲ್ಲೆನ್ನುವ ಮಾತು! ಅಳಿಯುವುದೆಂದರೆ ನಾಶವಾಗುವುದು. ಅವಳ ಅಣ್ಣ, ಒಂಬತ್ತು ವರುಷದ ಪಂಡಿತ, ಅಲ್ಲೇ ಇದ್ದ. “ಅಳಿದೆ ಅಲ್ಲ, ಅತ್ತೆ ಅನ್ಬೇಕು” ಎಂದು ತಿದ್ದಿದ. ಪುಟ್ಟಿ ನೋವನ್ನು ಮರೆತು ಕೆರಳಿದಳು. “ನಾನ್ಯಾಕೆ ಅತ್ತೆ? ಅತ್ತೆ ರಾಣೆಬೆನ್ನೂರಾಗೆ ಇದಾಳೆ!”

ಇಂಥ ಮಾತುಗಳನ್ನು ತಪ್ಪೆಂದು ನಾವು ನಗುತ್ತೇವೆ. ತಿಳಿದವರು ಬೇರೆ ರೀತಿ ನೋಡಿದ್ದಾರೆ. ಜೀನ್ ಬರ್ಕೋ ಎಂಬ ಅಮೆರಿಕದ ವಿದುಷಿ ೧೯೫೮ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಪ್ರಸಿದ್ಧವಾಗಿದೆ. ಆಕೆ ಲೋಕದಲ್ಲಿ ಎಲ್ಲಿಯೂ ಇಲ್ಲದ, ಹಕ್ಕಿಯಂಥ ಒಂದು ಪ್ರಾಣಿಯ ಚಿತ್ರ ಬರೆದು, ಅದಕ್ಕೆ ‘ವಗ್’ ಎಂದು ಹೆಸರಿಟ್ಟು ಮಕ್ಕಳಿಗೆ ತೋರಿಸಿದರು. ಬಳಿಕ ಅಂಥವೇ ಎರಡನ್ನು ತೋರಿಸಿ, “ಇವು ಏನು?” ಎಂದರೆ, ಹೆಚ್ಚಿನ ಮಕ್ಕಳು ತಡವರಿಸದೆ ‘ವಗ್ಸ್’ ಎಂದುವು. ಹುಟ್ಟಿದಾಗಿನಿಂದ ಕೇಳದ ಪದಕ್ಕೆ ಬಹುವಚನ ಕಟ್ಟಬೇಕಾದರೆ ಮಗುವಿನ ತಲೆಯಲ್ಲಿ ಸೂತ್ರವಿರಲೇಬೇಕು. ಗಿಳಿಪಾಠದಿಂದ ಅದು ಆಗದು. ರಷ್ಯದ ಕೊರ್ನೇಯ್ ಚುಕೋವ್‌ಸ್ಕಿ ಎಂಬ ಸಾಹಿತಿಯಂತೂ ಎರಡರಿಂದ ಐದು ವರುಷದ ಮಕ್ಕಳ ಮಾತುಗಳನ್ನು ಕೂಡಿಹಾಕಿ ಪುಸ್ತಕವನ್ನೇ ಮಾಡಿದ. ಅದರ ಮೊದಲ ರೂಪ ೧೯೨೮ರಲ್ಲಿ ಬಂತು. ಆ ಧೈರ್ಯದಿಂದಲೇ ನಾನೂ ನೂರು ಪುಟದ ಒಂದು ನೋಟುಪುಸ್ತಕ ಕೊಂಡು, ಪುಟ್ಟಿಯ ವಚನಗಳನ್ನು ತಾರೀಖು ಹಾಕಿ ಬರೆದಿಡಲು ತೊಡಗಿದೆ.

ದಾವಣಗೆರೆಯಲ್ಲಿ ಇರುವವರಿಗೆ ಇಂಥ ಪುಸ್ತಕ ತುಂಬಿಸುವುದು ಕಷ್ಟವಲ್ಲ. ಊರೇ ಸಾಮಗ್ರಿ ಒದಗಿಸುತ್ತದೆ. ಒಂದು ಕಾಲಕ್ಕೆ ಹತ್ತಿಯ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು ಇದು. ಈಗ ಹೊರಗಿನವರ ಬಾಯಲ್ಲಿ ಇದರ ಹೆಸರು ನಿಂತಿರುವುದು ಬೆಣ್ಣೆದೋಸೆಯಿಂದ. ಊರಿನವರಿಗೋ ಮಂಡಕ್ಕಿ ಮೆಣಸಿನಕಾಯಿ ಇಲ್ಲದೆ ಸಂಜೆಯಾಗುವುದಿಲ್ಲ. ಮಂಡಕ್ಕಿ ಭಟ್ಟಿಗಳ ಕಡೆ ಒಮ್ಮೆ ಸುಳಿದರೆ, ಕಾದ ಮರಳಿನಲ್ಲಿ ಅಕ್ಕಿ ಅರಳುವ ವಾಸನೆ ಬಟ್ಟೆಗೆ ಹತ್ತಿ ಮನೆಯವರೆಗೂ ಬರುತ್ತದೆ. ಒಂದು ಸಂಜೆ ಪುಟ್ಟಿ ಮಂಡಕ್ಕಿಯ ಬೋಗುಣಿಯನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ಯೋಚಿಸಿ ಕೇಳಿದಳು: “ಅಪ್ಪಾ, ಗುಬ್ಬಕ್ಕಿ ಹಾರುತ್ತೆ. ಮಂಡಕ್ಕಿ ಯಾಕೆ ಹಾರಲ್ಲ?”

ನಾನು ಮೇಷ್ಟರ ಗತ್ತಿನಿಂದ ಸಂಧಿ ಬಿಡಿಸಲು ಕುಳಿತೆ. ಅದು ಹಕ್ಕಿ, ಇದು ಅಕ್ಕಿ. ಅಲ್ಲಿ ಹಕಾರ ಲೋಪವಾಗಿದೆ, ಇಲ್ಲಿ ಹಕಾರವೇ ಇಲ್ಲ. ವಿವರಣೆ ಇನ್ನೂ ಅರ್ಧಕ್ಕೆ ಬಂದಿರಲಿಲ್ಲ, ಸೆಕೆಯೆಂದು ನನ್ನಾಕೆ ಫ್ಯಾನು ಹಾಕಿದಳು. ಬೋಗುಣಿಯ ಮಂಡಕ್ಕಿ ಎದ್ದು ಕೋಣೆಯ ತುಂಬ ಹಾರಾಡಿತು. ಪುಟ್ಟಿ ಚಪ್ಪಾಳೆ ತಟ್ಟಿ, “ಹಾರಿತು! ನಿಂಗೆ ಗೊತ್ತಿಲ್ಲ” ಎಂದಳು. ಇಪ್ಪತ್ತು ವರುಷದ ಅಧ್ಯಾಪನದಲ್ಲಿ ನನ್ನ ಮತವನ್ನು ಇಷ್ಟು ಬೇಗ ಯಾರೂ ಖಂಡಿಸಿರಲಿಲ್ಲ.

ಬೆಣ್ಣೆದೋಸೆಯ ಕಥೆ ಇದಕ್ಕಿಂತ ಚಿಕ್ಕದು. ಹೋಟೆಲಿನಲ್ಲಿ ಅವಳ ಮುಂದೆ ದೋಸೆ ಬಂತು, ಮೇಲೊಂದು ಬೆಣ್ಣೆಯ ಮುದ್ದೆ. ಅವಳು ಪಕ್ಕದ ಮೇಜಿನ ಮಗುವನ್ನು ನೋಡುತ್ತ ಕುಳಿತಿದ್ದು ಈ ಕಡೆ ತಿರುಗುವುದರೊಳಗಾಗಿ ಮುದ್ದೆ ಕರಗಿ ಮಾಯವಾಗಿತ್ತು. “ದೋಸೆ ನನ್ನ ಬೆಣ್ಣೆ ತಿಂದುಬಿಡ್ತು” ಎಂದು ರಾಗ ತೆಗೆದಳು. ಬಡಿಸುವಾತ ನಗುತ್ತ ಇನ್ನೊಂದು ಮುದ್ದೆ ತಂದು ಹಾಕಿ, “ಈ ಸಲ ಕಾವಲು ಕೂತ್ಕಳವ್ವಾ” ಎಂದ. ಅವಳು ಕಾವಲು ಕುಳಿತಳು. ದೋಸೆ ಆರಿ ತಣ್ಣಗಾಯಿತು. ಆದರೆ ಕಳ್ಳ ಸಿಗಲಿಲ್ಲ.

ಇವನ್ನೆಲ್ಲ ಬರೆದಿಟ್ಟುಕೊಂಡದ್ದರಲ್ಲಿ ತಪ್ಪಿರಲಿಲ್ಲ. ಓದಿದ್ದು ತಪ್ಪಾಯಿತು. ಒಂದು ಭಾನುವಾರ ನಾಲ್ಕು ಜನ ಸ್ನೇಹಿತರು ಬಂದಿದ್ದರು. ಕಾಫಿಯಾದ ಮೇಲೆ ಯಾವುದೋ ಹುಮ್ಮಸ್ಸಿನಲ್ಲಿ ನೋಟುಪುಸ್ತಕ ತೆಗೆದು ಓದಿದೆ. ‘ಅತ್ತೆ’ಯ ಪ್ರಸಂಗಕ್ಕೆ ಬರುವ ವೇಳೆಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಪುಟ್ಟಿ ಬಾಗಿಲ ಪರದೆಯ ಮರೆಯಲ್ಲಿ ನಿಂತಿದ್ದುದು ನನಗೆ ಗೊತ್ತಿರಲಿಲ್ಲ. ಬಂದವರು ಹೋದಮೇಲೆ ಅವಳು ತಾಯಿಯ ಸೆರಗು ಹಿಡಿದು ಮೆಲ್ಲಗೆ, “ನಾನು ಏನು ತಪ್ಪು ಮಾಡಿದೆ?” ಎಂದು ಕೇಳಿದಳಂತೆ. ಎರಡು ದಿನ ನನ್ನೊಡನೆ ಅವಳ ಮಾತು ಹೂಂ, ಉಹೂಂಗಳಲ್ಲಿ ಮುಗಿಯಿತು. ಮಗು ನಗಿಸಬೇಕೆಂದು ಆಡುವುದಿಲ್ಲ; ತಾನು ಕಂಡದ್ದನ್ನು ಕಂಡಂತೆ ಹೇಳುತ್ತದೆ. ಅದು ನಿಜವೆಂದು ತಂದ ಸರಕನ್ನು ನಾವು ತಮಾಷೆಯೆಂದು ಮಾರಿಕೊಂಡರೆ ಅದಕ್ಕೆ ಅವಮಾನವಾಗದೆ ಇದ್ದೀತೆ? ಅಂದಿನಿಂದ ನೋಟುಪುಸ್ತಕ ಹೊರಗೆ ಬರಲಿಲ್ಲ. ಈಗ ಬರೆಯುತ್ತಿರುವುದಾದರೂ ಏಕೆ ಎಂದರೆ, ಇದರಲ್ಲಿ ನಗೆಗೀಡಾಗಬೇಕಾದವನು ನಾನು.

ನನ್ನ ತಂದೆ ಹರಿಹರದಲ್ಲಿದ್ದಾರೆ; ಎಪ್ಪತ್ತಾರು ವರುಷ. ಅಲ್ಲಿನ ಕಾರ್ಖಾನೆಯೊಂದರಲ್ಲಿ ಲೇತಿನ ಮುಂದೆ ನಿಂತು ದುಡಿದು ನಿವೃತ್ತರಾದವರು. ಎರಡು ವರುಷದ ಹಿಂದೆ ನಮ್ಮವ್ವ ತೀರಿಕೊಂಡಮೇಲೆ ಒಬ್ಬರೇ ಅನ್ನ ಬೇಯಿಸಿಕೊಂಡಿದ್ದರು. ದಾವಣಗೆರೆಗೂ ಹರಿಹರಕ್ಕೂ ೧೪ ಕಿಲೋಮೀಟರು. ಬಸ್ಸಿನಲ್ಲಿ ಕುಳಿತು ಒಂದು ಪತ್ರಿಕೆ ಓದಿ ಮುಗಿಸುವುದರೊಳಗೆ ಊರು ಬರುತ್ತದೆ. ಈ ಸಾಮೀಪ್ಯವೇ ನನಗೆ ನೆಪವಾಗಿತ್ತು. ‘ಎಷ್ಟು ದೂರ ಮಹಾ? ಬೇಕಾದಾಗ ಹೋಗಿ ನೋಡಿಕೊಂಡು ಬರಬಹುದು’ ಎನ್ನುತ್ತಿದ್ದೆ, ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಕಳೆದ ಮಳೆಗಾಲದಲ್ಲಿ ಅವರು ಬಚ್ಚಲಲ್ಲಿ ಜಾರಿ ಬಿದ್ದರೆಂದು ನೆರೆಯವರು ಫೋನು ಮಾಡಿದರು. ಪುಣ್ಯಕ್ಕೆ ಮೂಳೆಗೆ ಏನೂ ಆಗಿರಲಿಲ್ಲ. ಆ ರಾತ್ರಿ ನನ್ನಾಕೆ, “ಮಾವನ್ನ ಇಲ್ಲಿಗೇ ಕರ್ಕೊಂಡು ಬನ್ರೀ” ಎಂದಳು. “ಕರೆಯಬಹುದು. ಜಾಗ ಎಲ್ಲಿ?” ಎಂದೆ. “ನಿಮ್ಮ ಪುಸ್ತಕದ ಕೋಣೆ ಬಿಡಿಸಿ.”

ಓದುಗರಲ್ಲಿ ಪುಸ್ತಕ ಕೂಡಿಟ್ಟವರಿದ್ದರೆ ನನ್ನ ಸಂಕಟ ಅವರಿಗೆ ತಿಳಿದೀತು. ಆ ಕೋಣೆಯಲ್ಲಿ ಗೋಡೆ ಕಾಣುವುದಿಲ್ಲ. ಪುಸ್ತಕಗಳನ್ನು ಎಲ್ಲಿ ಇಡಲಿ, ಗೆದ್ದಲು ಹಿಡಿದರೆ ಏನು ಗತಿ, ನಾನು ಎಲ್ಲಿ ಕುಳಿತು ಓದಲಿ ಎಂದು ಪ್ರಶ್ನೆಗಳ ಮಾಲೆ ಕಟ್ಟಿದೆ. ಮಾತಿಗೆ ಮಾತು ಬೆಳೆಯಿತು. “ಪುಸ್ತಕಕ್ಕೆ ಇರೋ ಜಾಗ ಮನುಷ್ಯರಿಗಿಲ್ಲ” ಎಂದು ಹೇಳಿ ಅವಳು ದೀಪ ಆರಿಸಿ ಗೋಡೆಯ ಕಡೆಗೆ ತಿರುಗಿ ಮಲಗಿದಳು. ನಾನು ಈ ಕಡೆಗೆ ತಿರುಗಿ ಮಲಗಿದೆ. ನಡುವೆ ಪುಟ್ಟಿ; ನಿದ್ದೆ ಹೋಗಿದ್ದಾಳೆಂದು ನಾವು ತಿಳಿದಿದ್ದೆವು.

ಮರುದಿನ ಎಲ್ಲರೂ ಹರಿಹರಕ್ಕೆ ಹೊರಟೆವು. ಬಸ್ಸಿನಲ್ಲಿ ನಾನೂ ನನ್ನಾಕೆಯೂ ಮಕ್ಕಳ ಮೂಲಕ ಮಾತನಾಡಿಕೊಂಡೆವು. “ಚೀಟಿ ಯಾರ ಹತ್ರ ಐತೆ ಅಂತ ನಿಮ್ಮಪ್ಪನ್ನ ಕೇಳು.” ಊರಲ್ಲಿ ಇಳಿದು ಮೊದಲು ಹರಿಹರೇಶ್ವರನ ಗುಡಿಗೆ ಹೋದೆವು. ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, ೧೨೨೪ರ ಸುಮಾರಿಗೆ, ಪೋಲಾಳ್ವ ದಂಡನಾಥ ಕಟ್ಟಿಸಿದ ಗುಡಿ ಅದು. ಬಲಭಾಗ ಶಿವ, ಎಡಭಾಗ ವಿಷ್ಣು, ಎರಡೂ ಸೇರಿ ಒಂದೇ ಮೂರ್ತಿ. ನಾನು ಮಕ್ಕಳಿಗೆ ಸ್ಥಳಪುರಾಣ ಹೇಳಿದೆ: ಗುಹಾಸುರನೆಂಬ ರಾಕ್ಷಸ ಹರಿಯಿಂದಲೂ ಸಾವು ಬಾರದಂತೆ, ಹರನಿಂದಲೂ ಬಾರದಂತೆ ಬ್ರಹ್ಮನಿಂದ ವರ ಪಡೆದ, ಆಗ ಇಬ್ಬರೂ ಕೂಡಿ ಒಂದೇ ಶರೀರವಾಗಿ ಬಂದು ಅವನನ್ನು ಮೆಟ್ಟಿದರು. ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಕೂಡಿ ತುಂಗಭದ್ರೆಯಾಗಿ ಈ ಊರಿನ ಪಕ್ಕದಲ್ಲಿ ಹರಿಯುವುದನ್ನೂ ಸೇರಿಸಿ, ಕೂಡಿ ಬಾಳುವುದರ ಮಹಿಮೆಯನ್ನು ಚೆನ್ನಾಗಿಯೇ ವರ್ಣಿಸಿದೆನೆಂದು ಕಾಣುತ್ತದೆ. ಪುಟ್ಟಿ ಮೂರ್ತಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಕೇಳಿದಳು: “ಜಗಳ ಆದ್ರೆ ಇವ್ರು ಹೆಂಗೆ ಆ ಕಡೆ ಒಬ್ರು ಈ ಕಡೆ ಒಬ್ರು ತಿರುಗಿ ಮಲಗ್ತಾರೆ?”

ಅರ್ಚಕರು ಮಂಗಳಾರತಿಯ ತಟ್ಟೆ ಹಿಡಿದುಕೊಂಡೇ ನಕ್ಕರು. ನನ್ನಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಿಂದಿನ ರಾತ್ರಿಯಿಂದ ಮೊದಲ ಬಾರಿಗೆ ನಾವು ಒಬ್ಬರ ಮುಖವನ್ನೊಬ್ಬರು ನೋಡಿದೆವು. ಅಷ್ಟರಲ್ಲೇ ದಿನ ಮುಗಿದಿದ್ದರೆ ನಾನು ಇದನ್ನು ಸುಖಾಂತವೆಂದು ಬರೆದು ನಿಲ್ಲಿಸುತ್ತಿದ್ದೆ.

ಮನೆಗೆ ಹೋದೆವು. ತಂದೆಯವರು ಕೋಲೂರಿಕೊಂಡು ಬಾಗಿಲಿಗೆ ಬಂದರು. ಊಟವಾಯಿತು. ಅವರು ಗೋಡೆಗೆ ಒರಗಿ ಕುಳಿತು ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಸೋರುವ ಮಾಡಿನ ಮಾತು, ಪೆನ್ಷನ್ನಿನ ಮಾತು, ಹೊಳೆಗೆ ಬಂದ ನೀರಿನ ಮಾತು. ನಾನು ಮುಖ್ಯವಾದ ಮಾತನ್ನು ಬಿಟ್ಟು ಮಿಕ್ಕೆಲ್ಲವನ್ನೂ ಆಡುತ್ತಿದ್ದೆ. ನಡುವೆ ಪುಟ್ಟಿ ಬಹಳ ಕನಿಕರದಿಂದ ಅಜ್ಜನ ಗದ್ದ ಹಿಡಿದು ಹೇಳಿದಳು:

“ಅಜ್ಜಾ, ನಮ್ಮನ್ಯಾಗೆ ಪುಸ್ತಕಕ್ಕೆ ಒಂದು ರೂಮು ಐತೆ. ಪುಸ್ತಕ ನಿಂತ್ಕಂಡೇ ಮಲಗ್ತಾವೆ. ನೀನು ಉದ್ದಕ್ಕೆ ಮಲಗ್ತೀಯಲ್ಲ, ಅದಕ್ಕೇ ನಿಂಗೆ ಜಾಗ ಇಲ್ಲ.”

ತಂದೆಯವರು ತಲೆಯೆತ್ತಿ ನನ್ನನ್ನು ನೋಡಲಿಲ್ಲ. ನೋಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ದೊಡ್ಡದಾಗಿ ನಕ್ಕು ಮೊಮ್ಮಗಳ ಬೆನ್ನು ತಟ್ಟಿದರು. “ಖರೆ ಐತೆ ಬಿಡವ್ವಾ. ಮೂವತ್ತು ವರ್ಷ ಮಿಷನ್ ಮುಂದೆ ನಿಂತೆ. ಆದ್ರೂ ನಿಂತ್ಕಂಡು ಮಲಗಾದು ಕಲೀಲಿಲ್ಲ ನೋಡು” ಎಂದರು.

ಅವರು ಚುಚ್ಚಿ ಆಡಿದ ಮಾತಲ್ಲ ಅದು. ಮಗುವಿನ ಮಾತಿಗೆ ಮಗುವಿನಂತೆ ಕೊಟ್ಟ ಉತ್ತರ. ಆದರೆ ಆ ಮೂವತ್ತು ವರುಷಗಳ ಲೆಕ್ಕ ನನಗೆ ಗೊತ್ತಿತ್ತು. ರಾತ್ರಿಪಾಳಿ ಮುಗಿಸಿ ಬಂದು ಅವರು ಕಾಲಿಗೆ ಬಿಸಿನೀರು ಹಾಕಿಕೊಳ್ಳುತ್ತಿದ್ದುದು ಗೊತ್ತಿತ್ತು. ನನ್ನ ಎಂ.ಎ.ಯ ಶುಲ್ಕ, ಹಾಸ್ಟೆಲಿನ ಹಣ, ಮೊದಲು ಕೊಂಡ ಶಬ್ದಮಣಿದರ್ಪಣದ ಬೆಲೆ, ಎಲ್ಲವೂ ಆ ಕಾಲುಗಳು ನಿಂತು ತಂದವು. ನನ್ನ ಕೋಣೆಯಲ್ಲಿ ಪುಸ್ತಕಗಳು ಸಾಲಾಗಿ ನಿಂತಿದ್ದರೆ, ಅವಕ್ಕಿಂತ ಮೊದಲು ನಿಂತವರು ಅವರು. ಎಲ್ಲರೂ ನಗುತ್ತಿದ್ದರು. ನಾನೂ ನಗಲು ನೋಡಿದೆ, ಆಗಲಿಲ್ಲ. ಎದ್ದು ಹಿತ್ತಲಿಗೆ ಹೋಗಿ, ಕೈ ತೊಳೆದುಕೊಳ್ಳುವವನಂತೆ ಸುಮ್ಮನೆ ನೀರು ಸುರಿದುಕೊಂಡೆ.

ಮುಂದಿನ ಭಾನುವಾರ ಕೋಣೆ ಬಿಡಿಸಿದೆವು. ಎರಡೆರಡು ಪ್ರತಿಯಿದ್ದವು, ಮತ್ತೆಂದೂ ತೆರೆಯಲಾರೆನೆಂದು ಗೊತ್ತಿದ್ದವು, ವಿದ್ಯಾರ್ಥಿಗಳ ಪಾಲಾದುವು. ಕೆಲವು ನಡುಮನೆಗೆ ಬಂದುವು. ಉಳಿದವನ್ನು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ, ಬೇವಿನಸೊಪ್ಪು ಹಾಕಿ, ಹೊಸ ಮಂಚದ ಕೆಳಗೆ ತಳ್ಳಿದೆ. ಕೆಲಸ ಎರಡು ದಿನವೂ ಹಿಡಿಯಲಿಲ್ಲ. ಅದಕ್ಕೆ ನಾನು ಎರಡು ವರುಷ ತೆಗೆದುಕೊಂಡಿದ್ದೆ. ತಂದೆಯವರು ಸುಲಭಕ್ಕೆ ಒಪ್ಪಲಿಲ್ಲ. ಹೊಳೆ ಬಿಟ್ಟು, ಗುಡಿಯ ಕಟ್ಟೆಯ ಗೆಳೆಯರನ್ನು ಬಿಟ್ಟು ಬರಲಾರೆನೆಂದರು. ಕೊನೆಗೆ ಹದಿನೈದು ದಿನ ಅಲ್ಲಿ, ಹದಿನೈದು ದಿನ ಇಲ್ಲಿ ಎಂದು ರಾಜಿಯಾಯಿತು. “ಅಜ್ಜ ಈಗ ಹರಿಹರೇಶ್ವರ, ಅರ್ಧ ಅರ್ಧ” ಎಂದು ನಮ್ಮ ಪಂಡಿತ ಘೋಷಿಸಿದ. ಮೊದಲ ಹದಿನೈದು ದಿನ ಮುಗಿದಮೇಲೆ ಅವರು ಇನ್ನೆರಡು ದಿನ ನಿಂತರು. ಯಾರೂ ಅದನ್ನು ಎತ್ತಿ ಆಡಲಿಲ್ಲ.

ಅವರು ಬಂದ ರಾತ್ರಿ ಪುಟ್ಟಿ ನಮ್ಮ ಹಾಸಿಗೆಯಲ್ಲಿ ಇರಲಿಲ್ಲ. ಹುಡುಕುತ್ತ ಹೋದೆ. ಕೋಣೆಯಲ್ಲಿ ತಂದೆಯವರು ಗೋಡೆಯ ಕಡೆಗೆ ಸರಿದು ಮಲಗಿದ್ದರು. ಅವರ ಹೊದಿಕೆಯ ತುದಿಯಿಂದ ಇವಳ ತಲೆ ಕಾಣುತ್ತಿತ್ತು. ನನ್ನನ್ನು ಕಂಡು ಬಾಯಮೇಲೆ ಬೆರಳಿಟ್ಟು ಪಿಸುಗುಟ್ಟಿದಳು:

“ಅಜ್ಜ ನಂಗೂ ಜಾಗ ಕೊಡಿದ.”

ತಪ್ಪು ತಿದ್ದುವುದು ನನ್ನ ಉದ್ಯೋಗ. ಅಂದು ತಿದ್ದಲಿಲ್ಲ. ದೀಪ ಆರಿಸಿ, ಬಾಗಿಲು ಮುಂದೆ ಮಾಡಿ ಬಂದೆ.