ಅತ್ತೆಯವರ ಫ್ಲಾಪಿ

ಅವಾಲಿಯ ನಮ್ಮ ಮನೆಗೆ ಮೊದಲ ಕಂಪ್ಯೂಟರ್ ಬಂದದ್ದು 1994ರಲ್ಲಿ. 1932ರಲ್ಲಿ ಬಹರೈನ್‌ನಲ್ಲಿ ಎಣ್ಣೆ ಸಿಕ್ಕಿದ ಮೇಲೆ ತೈಲ ಕಂಪನಿಯವರಿಗಾಗಿ ಕಟ್ಟಿದ ಊರು ಇದು. ಸಂಜೆಯಾದರೆ ಹೋಗಲು ಹೆಚ್ಚು ಜಾಗಗಳಿಲ್ಲ, ಹಾಗಾಗಿ ಮಗ ಸದಾ ಆ ಪೆಟ್ಟಿಗೆಯ ಮುಂದೆ.

ಒಂದು ದಿನ, "ಅಮ್ಮಾ, ಕಂಪ್ಯೂಟರಿಗೆ ಇನ್ನೊಂದು ಡಿಸ್ಕ್ ಹಾಕಿದ್ದೇನೆ" ಎಂದ. ದುಡ್ಡು ಎಲ್ಲಿಂದ ಬಂತು ಮಾರಾಯಾ ಎಂದರೆ ನಗುತ್ತಾನೆ! ಕಾನ್ಫಿಗ್.ಸಿಸ್ ಎಂಬ ಫೈಲಿನಲ್ಲಿ ರ‍್ಯಾಮ್‌ಡ್ರೈವ್ ಎಂದು ಒಂದು ಸಾಲು ಬರೆದನಂತೆ. ಮೆಮೊರಿಯ ಒಂದು ತುಂಡೇ ಡಿಸ್ಕಿನ ವೇಷ ಹಾಕಿ 'ಡಿ' ಎಂಬ ಹೆಸರಿನಲ್ಲಿ ಬಂದು ಕೂತಿತ್ತು. ಬಲು ಚುರುಕು. ಆದರೆ ನಮ್ಮೂರ ಮೇಳದ ಹಾಗೆ, ಬೆಳಗಾದರೆ ದೇವೇಂದ್ರನೂ ಇಲ್ಲ, ಕಿರೀಟವೂ ಇಲ್ಲ. ಇದು ತಿಳಿಯದೆ ನಾನು ರಾಜ್ಯೋತ್ಸವದ ನಾಟಕವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಅದರಲ್ಲೇ ಇಟ್ಟೆ. ರಾತ್ರಿ ಸ್ವಿಚ್ ಆರಿಸಿದೆ. ಎಲ್ಲವೂ ಹೋಯಿತು! ಆ ವರ್ಷ ರಂಗದ ಮೇಲೆ ನಾವೆಲ್ಲ ಮಾತಿಗೆ ತಡಕಾಡಿದ್ದು ಏಕೆಂದು ಈಗಲಾದರೂ ಒಪ್ಪಿಕೊಳ್ಳುತ್ತೇನೆ.

1999ರಲ್ಲಿ ಅತ್ತೆಯವರು ಕುಂದಾಪುರದಿಂದ ಬಂದು ಮೂರು ತಿಂಗಳು ಇದ್ದರು. ಆಗ 'ಬರಹ' ತಂತ್ರಾಂಶ ಬಂದು ಒಂದು ವರ್ಷವಾಗಿತ್ತು. ಅವರು ಹೇಳಿದ ಅಡುಗೆ, ಹಬ್ಬದ ಕ್ರಮ, ಮನೆತನದ ಕಥೆಗಳನ್ನೆಲ್ಲ ಕನ್ನಡದಲ್ಲೇ ಟೈಪ್ ಮಾಡಿ ಎರಡು ಫ್ಲಾಪಿಗಳಲ್ಲಿ ಇಟ್ಟೆ. 2006ರಲ್ಲಿ ಅತ್ತೆ ತೀರಿಕೊಂಡರು. ಫ್ಲಾಪಿಗಳು ಹೊಲಿಗೆ ಡಬ್ಬಿಯ ತಳ ಸೇರಿದವು.

ಹೋದ ವರ್ಷ ಅವು ಕೈಗೆ ಸಿಕ್ಕವು. ಯುಎಸ್‌ಬಿಗೆ ಚುಚ್ಚುವ ಫ್ಲಾಪಿ ಡ್ರೈವ್ ತಂದ ಮಗ, ಫೈಲುಗಳನ್ನು ತೆರೆಯಲು ಬಿಡಲೇ ಇಲ್ಲ. ಹಳೆಯ ಫ್ಲಾಪಿಯನ್ನು ಮತ್ತೆ ಮತ್ತೆ ಓದಿಸಿದಷ್ಟೂ ಸವೆಯುತ್ತದಂತೆ. ಮೊದಲು ಇಡೀ ಫ್ಲಾಪಿಯನ್ನು ಇದ್ದ ಹಾಗೆಯೇ ಒಂದು ಫೈಲಾಗಿ ನಕಲು ಮಾಡಿದ: ಎರಡು ಬದಿ, ಬದಿಗೆ 80 ಸುತ್ತು, ಸುತ್ತಿಗೆ 18 ತುಂಡು, ತುಂಡಿಗೆ 512 ಬೈಟ್, ಒಟ್ಟು 14,74,560. ಆಮೇಲೆ ಇಮ್‌ಡಿಸ್ಕ್ ಎಂಬ ಪುಕ್ಕಟೆ ತಂತ್ರಾಂಶಕ್ಕೆ ಆ ಫೈಲನ್ನು ತೋರಿಸಿ, 'ಓದಲು ಮಾತ್ರ' ಎಂದು ಗುರುತು ಹಾಕಿದ. ಪರದೆಯ ಮೇಲೆ 'ಎ' ಡ್ರೈವ್ ಬಂತು, ಡ್ರೈವಿನಲ್ಲಿ ಫ್ಲಾಪಿಯೇ ಇಲ್ಲ! ಅದೇ ತಂತ್ರಾಂಶ ಹಿಂದಿನಂತೆ ಮೆಮೊರಿಯಲ್ಲೂ ಡಿಸ್ಕ್ ಮಾಡಬಲ್ಲದು. ನಾನು ಬೇಡವೆಂದೆ. ಫೈಲಿನಲ್ಲಿ ಇಟ್ಟದ್ದು ಸ್ವಿಚ್ ಆರಿಸಿದರೂ ಉಳಿಯುತ್ತದೆ, ನನಗೆ ಅಷ್ಟು ಸಾಕು.

ಮೊದಲ ಫ್ಲಾಪಿ ಪೂರ್ತಿ ಬಂತು. ಎರಡನೆಯದರ ನಡುವಿನ ಕೆಲವು ತುಂಡುಗಳನ್ನು ಯಂತ್ರ ಓದಲಿಲ್ಲ, ಆ ಜಾಗದಲ್ಲಿ ಬರೀ ಸೊನ್ನೆಗಳು. ಮಾವಿನ ಮಿಡಿ ಉಪ್ಪಿನಲ್ಲಿ ಚಿರುಟಿದ ಮೇಲೆ ಆ ಉಪ್ಪುನೀರನ್ನು ಕಾಯಿಸಿ ಆರಿಸಬೇಕು ಎಂಬಲ್ಲಿಗೆ ಅತ್ತೆಯವರ ಮಾತು ನಿಂತಿದೆ. ಮುಂದಿನದು ನಮ್ಮ ನಾದಿನಿಗೆ ಅಲ್ಪಸ್ವಲ್ಪ ನೆನಪಿದೆ.

ನಿಮ್ಮಲ್ಲೂ ಹಳೆಯ ಫ್ಲಾಪಿಗಳಿದ್ದರೆ ದಯವಿಟ್ಟು ಎಸೆಯಬೇಡಿ. ಮುಂದಿನ ಸಭೆಗೆ ಡ್ರೈವನ್ನು ತರುತ್ತೇನೆ.