ಆಮಂತ್ರಣ ಪತ್ರಿಕೆಯಲ್ಲೊಂದು ನೇಣು

ಕಳೆದ ಶಾಬಾನ್ ತಿಂಗಳಲ್ಲಿ ಕಮಲಾಪುರದ ಆಪಾಳ ಮನೆಗೆ ಹೊರಟಿದ್ದೆ. ಕಲಬುರಗಿಯಲ್ಲಿ ಚಿತ್ರಕಲೆ ಕಲಿಯುತ್ತಿರುವ ಅವಳ ಮಗನೂ ಬಸ್ಸಿನಲ್ಲಿ ಜೊತೆಗಿದ್ದ. ದಾರಿಯಲ್ಲಿ ಅವನು ಚೀಲದಿಂದ ಒಂದು ಹಾಳೆ ತೆಗೆದು, "ಮಾಮೂ, ನೋಡಿ ಹೇಳಿ" ಎಂದ.

ಮೊದಲ ನೋಟಕ್ಕೆ ಅದು ಮದುವೆಯ ಆಮಂತ್ರಣ ಪತ್ರಿಕೆ. ಬಂಗಾರದ ಅಂಚು, ಸುತ್ತಲೂ ಹೂಬಳ್ಳಿ. ದಿಟ್ಟಿಸಿದಾಗ ಆ ಬಳ್ಳಿಯ ತುದಿ ನೇಣಿನ ಕುಣಿಕೆಯಾಗಿತ್ತು. ಕೆಳಗೆ ಅಂದದ ಅಕ್ಷರಗಳಲ್ಲಿ: "ಸಮಯ ಬೆಳಗಿನ ಜಾವ. ಸಿಹಿ ಹಂಚಲಾಗುವುದು. ಮಕ್ಕಳನ್ನೂ ಕರೆತನ್ನಿ."

"ಸಾವಿನ ವಿಷಯದಲ್ಲಿ ಹಾಸ್ಯವೇ?" ಎಂದು ಗದರಿದೆ. "ಹಾಸ್ಯ ಸಾವಿನ ಮೇಲಲ್ಲ ಮಾಮೂ, ಸಿಹಿ ಹಂಚುವವರ ಮೇಲೆ" ಎಂದ.

ನಾನು ಮೌನವಾದೆ. 2020ರ ಮಾರ್ಚ್ 20ರ ಮುಂಜಾನೆ ದೆಹಲಿಯ ತಿಹಾರ್ ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದಾಗ ಹೊರಗೆ ಜನ ಸಿಹಿ ಹಂಚಿದ್ದರು. ಆ ದಿನ ಬಂಧುಗಳಿಗೆಲ್ಲ ಸಂಭ್ರಮದ ಸಂದೇಶ ಕಳುಹಿಸಿದವರಲ್ಲಿ ನಾನೂ ಒಬ್ಬ. ಅವರ ಅಪರಾಧ ಘೋರವಾದುದು, ಅದರಲ್ಲಿ ಸಂದೇಹವಿಲ್ಲ. ಆದರೆ ಸಂಭ್ರಮ ಯಾವುದಕ್ಕಾಗಿ?

ಅವನಿಗೆ ಸ್ಫೂರ್ತಿ ನೀಡಿದ್ದು ಜಾರ್ಜ್ ಕ್ರೂಕ್‌ಶಾಂಕ್ ಎಂಬ ಆಂಗ್ಲ ವ್ಯಂಗ್ಯಚಿತ್ರಕಾರ. ಖೋಟಾ ನೋಟು ಚಲಾಯಿಸಿದ ಬಡವರನ್ನೂ ಇಂಗ್ಲೆಂಡಿನಲ್ಲಿ ಗಲ್ಲಿಗೇರಿಸುತ್ತಿದ್ದ ಕಾಲವದು. ಒಂದು ಪೌಂಡಿನ ಖೋಟಾ ನೋಟಿಗಾಗಿ ಹೆಂಗಸರು ನ್ಯೂಗೇಟ್ ಸೆರೆಮನೆಯ ಎದುರು ನೇತಾಡುವುದನ್ನು ಕಂಡ ಆತ ಒಂದು ಅಣಕು ನೋಟನ್ನೇ ರಚಿಸಿದ. ಅದರಲ್ಲಿ ಪೌಂಡಿನ ಚಿಹ್ನೆ ಹಗ್ಗದ್ದು, ಸಾಲಾಗಿ ನೇತಾಡುವ ದೇಹಗಳು, ಸಹಿ ಗಲ್ಲಿಗೇರಿಸುವವನದು. 1819ರಲ್ಲಿ ವಿಲಿಯಂ ಹೋನ್ ಅದನ್ನು ಪ್ರಕಟಿಸಿದಾಗ ಅಂಗಡಿಯ ಮುಂದೆ ಜನ ಕಿಕ್ಕಿರಿದರು. 1830ರ ದಶಕದಲ್ಲಿ ಖೋಟಾ ಅಪರಾಧಕ್ಕೆ ಮರಣದಂಡನೆ ರದ್ದಾಯಿತು. ಒಂದು ಚಿತ್ರವೇ ಕಾನೂನನ್ನು ಬದಲಿಸಿತೆನ್ನಲಾಗದು. ಆದರೆ ನೋಡಲೊಲ್ಲದ ಕಣ್ಣುಗಳನ್ನು ಅದು ತೆರೆಸಿತು.

ನಮ್ಮ ರಾಜ್ಯದ ನಿದರ್ಶನವನ್ನೇ ನೋಡಿರಿ. 1993ರ ಪಾಲಾರ್ ಸ್ಫೋಟದಲ್ಲಿ 22 ಜೀವಗಳು ಹೋದವು. ವೀರಪ್ಪನ್‌ನ ನಾಲ್ವರು ಸಹಚರರಿಗೆ 2001ರಲ್ಲಿ ಮೈಸೂರಿನ ನ್ಯಾಯಾಲಯ ಜೀವಾವಧಿ ವಿಧಿಸಿತು. ಅವರು ಮೇಲ್ಮನವಿ ಹೋದಾಗ, 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಲ್ಲಿಗೇರಿಸಿತು. ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಕೊಳೆತು 2013ರಲ್ಲಿ ತಿರಸ್ಕೃತವಾಯಿತು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಅವರು ಸಾವನ್ನು ಎದುರುನೋಡುತ್ತಿದ್ದರು. 2014ರ ಜನವರಿ 21ರಂದು ಅದೇ ಸುಪ್ರೀಂ ಕೋರ್ಟ್, ವಿಳಂಬವನ್ನು ಕಾರಣವಾಗಿಸಿ, ಶಿಕ್ಷೆಯನ್ನು ಮತ್ತೆ ಜೀವಾವಧಿಗಿಳಿಸಿತು. ಕೃತ್ಯ ಒಂದೇ, ಮನುಷ್ಯರು ಬರೆದ ತೀರ್ಪು ಮಾತ್ರ ಎರಡು ಬಾರಿ ಬದಲಾಯಿತು. ಜೀವ ತೆಗೆದ ಮೇಲೆ ತೀರ್ಪನ್ನು ಬದಲಿಸುವುದು ಹೇಗೆ?

ಇಸ್ಲಾಮ್ ಕಿಸಾಸನ್ನು ಅನುಮತಿಸಿದೆ. ಅಲ್ಲಾಹನು ಅನುಮತಿಸಿದ್ದನ್ನು ನಿಷಿದ್ಧವೆನ್ನಲು ನಾನಾರು? ಆದರೆ ಅದೇ ಆದೇಶದಲ್ಲಿ ಕ್ಷಮೆಯ ಬಾಗಿಲೂ ಇದೆ. ಸೂರಃ ಅಲ್ ಬಕರದ 178ನೆಯ ವಚನವು ಕ್ಷಮೆಯ ಮಾತು ಬಂದಲ್ಲಿ ಸಹೋದರ ಎಂಬ ಪದವನ್ನು ಬಳಸುತ್ತದೆ. ಕಿಸಾಸ್‌ನ ಪ್ರಕರಣಗಳು ತಮ್ಮ ಮುಂದೆ ಬಂದಾಗಲೆಲ್ಲ ಪ್ರವಾದಿವರ್ಯರು(ಸ) ಕ್ಷಮೆಯನ್ನೇ ಉಪದೇಶಿಸುತ್ತಿದ್ದರೆಂದು ಹ. ಅನಸ್(ರ) ವರದಿ ಮಾಡಿದ್ದಾರೆ. ಸಂದೇಹವಿರುವಲ್ಲಿ ಹದ್ದ್ ಶಿಕ್ಷೆ ಜಾರಿಯಾಗಬಾರದೆಂಬುದು ಫುಕಹಾಗಳ ನಿಯಮ. ಇಲ್ಲಿ ಸಿಹಿ ಹಂಚಲು ಎಡೆಯೆಲ್ಲಿದೆ?

ಮನೆ ತಲುಪಿದಾಗ ಹುಡುಗ ತನ್ನ ದಾದಿಗೂ ಪತ್ರಿಕೆಯನ್ನು ಓದಿ ಹೇಳಿದ. ನಾನು ತಡೆಯಬೇಕಿತ್ತು. ಆ ತಾಯಿಯ ಕಿರಿಯ ಮಗ ಇಪ್ಪತ್ತು ವರ್ಷಗಳ ಹಿಂದೆ ಜಗಳವೊಂದರಲ್ಲಿ ಕೊಲೆಯಾದವನು; ಕೊಂದವನಿಗೆ ಜೀವಾವಧಿಯಾಗಿತ್ತು. ಅವರು ಬಹಳ ಹೊತ್ತು ಸುಮ್ಮನಿದ್ದು, "ಬೇಟಾ, ಇದರಲ್ಲಿ ನಿನ್ನ ಚಾಚಾ ಎಲ್ಲಿದ್ದಾನೆ?" ಎಂದು ಕೇಳಿದರು. ಹುಡುಗ ತಲೆ ತಗ್ಗಿಸಿದ.

"ಗಲ್ಲಾಗಲಿ ಎಂದು ಆಗ ಊರೇ ಕೂಗಿತು. ಕೂಗಿದವರು ಮಯ್ಯತ್ತು ಮುಗಿಸಿ ಮನೆಗೆ ಹೋದರು. ನಿನಗೇನು ಬೇಕೆಂದು ನನ್ನನ್ನು ಯಾರೂ ಕೇಳಲಿಲ್ಲ."

"ಕೇಳಿದ್ದರೆ ಏನೆನ್ನುತ್ತಿದ್ದಿರಿ ಅಮ್ಮಾ?" ಎಂದೆ.

"ಆಗ ಗಲ್ಲು ಎನ್ನುತ್ತಿದ್ದೆ. ಈಗ ಗೊತ್ತಿಲ್ಲ. ಅಲ್ಲಾಹನಿಗೆ ಗೊತ್ತು."

ಕಿಸಾಸ್‌ನ ಅಧ್ಯಾಯವನ್ನು ವರ್ಷಗಳಿಂದ ಬೋಧಿಸಿದ ನನಗೆ, ವಾರಸುದಾರರಿಗೇಕೆ ಆ ಹಕ್ಕನ್ನು ನೀಡಲಾಯಿತೆಂಬುದು ಅಂದು ಅರ್ಥವಾಯಿತು.

ಮರುದಿನ ಹುಡುಗ ಪತ್ರಿಕೆಯನ್ನು ತಿದ್ದಿದ. ಅತಿಥಿಗಳ ಸಾಲಿನಲ್ಲಿ ಈಗ ಎರಡು ಖಾಲಿ ಕುರ್ಚಿಗಳಿವೆ: ಒಂದು ಕೊಲೆಯಾದವನ ತಾಯಿಗೆ, ಇನ್ನೊಂದು ಕೊಂದವನ ತಾಯಿಗೆ. ಓದುಗರೇ, ಮುಂದೊಮ್ಮೆ ಗಲ್ಲಿನ ಸುದ್ದಿ ಕೇಳಿ ಸಂದೇಶ ಕಳುಹಿಸುವ ಮುನ್ನ ಆ ಎರಡು ಕುರ್ಚಿಗಳನ್ನು ನೆನೆಯೋಣ. ಅಲ್ಲಾಹನು ನಮ್ಮೆಲ್ಲರಿಗೂ ನ್ಯಾಯದ ಜೊತೆ ಕರುಣೆಯನ್ನೂ ಕರುಣಿಸಲಿ. ಆಮೀನ್.